ಎಲ್ ಎಸ್ಕೋರಿಯಾಲ್: ಎರಡನೇ ಫಿಲಿಪ್‌ನನ್ನು ಹುಡುಕಿ ಹೋಗುವವರಿಗೆ

ಎಲ್ ಎಸ್ಕೋರಿಯಾಲ್ ಎಂದರೆ ಅರಮನೆ, ಮಠ, ಚರ್ಚು, ರಾಜರ ಸಮಾಧಿ ಎಲ್ಲವೂ ಸೇರಿದ ಒಂದೇ ಕಟ್ಟಡ. ಅರಮನೆಯ ವೈಭವ ನೋಡಬೇಕೆಂದು ಅಲ್ಲಿಗೆ ಹೋದವರಿಗೆ ನಿರಾಸೆ ಖಚಿತ. ಕಣ್ಣು ಹಾಯಿಸಿದಷ್ಟೂ ಬೂದು ಗ್ರಾನೈಟ್, ಒಂದೇ ಅಳತೆಯ ಕಿಟಕಿಗಳ ಸಾಲು, ಅಲಂಕಾರದ ಸುಳಿವಿಲ್ಲ. ಆದರೆ ಸ್ಪೇನಿನ ಎರಡನೇ ಫಿಲಿಪ್‌ನ ಬಗ್ಗೆ ಒಂದಿಷ್ಟು ಓದಿಕೊಂಡು ಹೋದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಮತ್ತೊಂದಿಲ್ಲ. 1556ರಿಂದ 1598ರವರೆಗೆ ಆಳಿದ ಈ ಅರಸ ತನ್ನ ಆತ್ಮಚರಿತ್ರೆ ಬರೆಯಲಿಲ್ಲ, ಕಟ್ಟಿಸಿದ್ದೇ ಅದು. ಅದನ್ನು ಓದುವ ಕ್ರಮ ಗೊತ್ತಿಲ್ಲದಿದ್ದರೆ ಮಾತ್ರ ಮೂರು ಗಂಟೆ ಕಲ್ಲು ನೋಡಿ ಬಂದಂತಾಗುತ್ತದೆ.

ಮೊದಲು ತಲುಪುವ ವಿಷಯ. ಸ್ಥಳ ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ ಸುಮಾರು 45 ಕಿ.ಮೀ., ಗ್ವಾದರ್ರಾಮಾ ಬೆಟ್ಟಸಾಲಿನ ಬುಡದಲ್ಲಿ, ಸಮುದ್ರಮಟ್ಟದಿಂದ 1,000 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಮೊಂಕ್ಲೋವಾ ನಿಲ್ದಾಣದಿಂದ ಹೊರಡುವ 661 ಮತ್ತು 664ನೇ ನಂಬರಿನ ಬಸ್ಸುಗಳು ಸಾನ್ ಲೊರೆನ್ಸೊ ಊರಿನೊಳಕ್ಕೇ ಹೋಗುತ್ತವೆ. ಅಲ್ಲಿಂದ ಮಠಕ್ಕೆ ಕೆಲವೇ ನಿಮಿಷದ ನಡಿಗೆ. ರೈಲೂ ಇದೆ, ಆದರೆ ಅದು ಇಳಿಸುವುದು ಕೆಳಗಿನ ಎಲ್ ಎಸ್ಕೋರಿಯಾಲ್ ಎಂಬ ಬೇರೆ ಊರಿನಲ್ಲಿ. ಹೆಸರು ಒಂದೇ ಎಂದುಕೊಂಡು ಇಳಿದವರು ಏರುದಾರಿ ಹತ್ತಬೇಕಾಗುತ್ತದೆ. ಸೋಮವಾರ ಬಾಗಿಲು ಮುಚ್ಚಿರುತ್ತದೆ. ವಾರದ ಆರಂಭದಲ್ಲಿ ಮ್ಯಾಡ್ರಿಡ್ ಸುತ್ತುವವರು ಇಲ್ಲೇ ಎಡವುವುದು. ಕಲ್ಲಿನ ಕೋಣೆಗಳ ತಂಪು ನೆನಪಿಟ್ಟುಕೊಂಡು ಒಂದು ಸ್ವೆಟರ್ ಜೊತೆಗಿಟ್ಟುಕೊಳ್ಳಿ.

ಒಳಗೆ ಹೋಗುವ ಮುನ್ನ ಹೊರಗೆ ಹತ್ತು ನಿಮಿಷ ನಿಲ್ಲುವುದು ಒಳ್ಳೆಯದು. ಕಟ್ಟಡದ ಅಳತೆ ಸುಮಾರು 207 ಮೀಟರ್‌ಗೆ 161 ಮೀಟರ್. 1563ರ ಏಪ್ರಿಲ್ 23ರಂದು ಅಡಿಗಲ್ಲು ಬಿತ್ತು. ನಕ್ಷೆ ಹಾಕಿದ ಹುವಾನ್ ಬೌತಿಸ್ತಾ ದೆ ತೊಲೆದೊ 1567ರಲ್ಲಿ ತೀರಿಕೊಂಡ. ಹುವಾನ್ ದೆ ಎರ್ರೆರಾ ಮುಗಿಸಿದ. ಕೊನೆಯ ಕಲ್ಲು ಕೂತದ್ದು 1584ರ ಸೆಪ್ಟೆಂಬರ್ 13ರಂದು. ಫಿಲಿಪ್ ಇದೇ ಕಟ್ಟಡದಲ್ಲಿ ಕಣ್ಣುಮುಚ್ಚಿದ್ದು 1598ರ ಸೆಪ್ಟೆಂಬರ್ 13ರಂದು, ಸರಿಯಾಗಿ 14 ವರ್ಷಕ್ಕೆ.

ಸಂತ ಲಾರೆನ್ಸ್‌ನನ್ನು ಸುಟ್ಟ ಕಬ್ಬಿಣದ ಜಾಲರಿಯ ಆಕಾರದಲ್ಲೇ ಕಟ್ಟಡವಿದೆ ಎಂಬ ಮಾತು ಇಲ್ಲಿ ಪದೇ ಪದೇ ಕಿವಿಗೆ ಬೀಳುತ್ತದೆ. 1557ರ ಆಗಸ್ಟ್ 10ರಂದು, ಆ ಸಂತನ ಹಬ್ಬದ ದಿನ, ಸೇಂಟ್ ಕ್ವೆಂಟಿನ್ ಯುದ್ಧದಲ್ಲಿ ಫಿಲಿಪ್‌ನ ಸೈನ್ಯಕ್ಕೆ ಫ್ರೆಂಚರು ಸೋತರು. ಹೊಸ ಮಠಕ್ಕೆ ಲಾರೆನ್ಸ್‌ನ ಹೆಸರಿಟ್ಟದ್ದು ಅದಕ್ಕೇ. ಇಷ್ಟು ನಿಜ. ಆದರೆ ಅಂಗಳಗಳನ್ನು ಹೀಗೆ ಅಡ್ಡಗೆರೆಗಳಲ್ಲಿ ಜೋಡಿಸುವ ಪದ್ಧತಿ ಇಟಲಿಯ ದೊಡ್ಡ ಆಸ್ಪತ್ರೆಗಳಲ್ಲಿ ಆಗಲೇ ಇತ್ತು. ಜಾಲರಿಯ ಕಥೆಯನ್ನು ಕೇಳಿ, ಆದರೆ ಪೂರ್ತಿ ನಂಬಬೇಡಿ. ಇನ್ನೊಂದು ವಿಷಯ: ಆ ಯುದ್ಧ ಗೆದ್ದದ್ದು ಸವಾಯ್‌ನ ಡ್ಯೂಕ್ ಎಮಾನುಯೆಲೆ ಫಿಲಿಬರ್ಟೊ. ಫಿಲಿಪ್ ಅಂದು ರಣರಂಗದಲ್ಲಿ ಇರಲೇ ಇಲ್ಲ.

ಈಗ ಮುಖ್ಯ ಭಾಗ. ಮಲಗುವ ಕೋಣೆ, ಚರ್ಚಿನ ಪ್ರಧಾನ ಬಲಿಪೀಠ, ಅದರ ಕೆಳಗಿನ ಸಮಾಧಿಮನೆ: ಇವು ಮೂರು ಬೇರೆ ಬೇರೆ ಪ್ರದರ್ಶನಗಳಲ್ಲ, ಒಂದೇ ಯಂತ್ರದ ಮೂರು ಭಾಗ. ಸಂದರ್ಶಕರ ದಾರಿ ಇವನ್ನು ಬಿಡಿಬಿಡಿಯಾಗಿ ತೋರಿಸುವುದರಿಂದ ಬಹುತೇಕರಿಗೆ ಇದು ಹೊಳೆಯುವುದಿಲ್ಲ. ಅರಸನ ಕೋಣೆ ಚರ್ಚಿನ ಗೋಡೆಗೆ ಅಂಟಿಕೊಂಡಿದೆ. ಹಾಸಿಗೆಯಲ್ಲಿ ಮಲಗಿಯೇ ಪೂಜೆ ಕಾಣುವಂತೆ ಬಲಿಪೀಠದ ಕಡೆಗೆ ಒಂದು ಕಿಂಡಿ ಇಟ್ಟಿದ್ದಾರೆ. ಬಲಿಪೀಠದ ನೇರ ಕೆಳಗೆ ತಂದೆ ಐದನೇ ಚಾರ್ಲ್ಸ್‌ನ ಶವ. 1558ರಲ್ಲಿ ಯುಸ್ತೆಯ ಮಠದಲ್ಲಿ ತೀರಿಕೊಂಡ ಚಾರ್ಲ್ಸ್‌ನನ್ನು 1574ರಲ್ಲಿ ಇಲ್ಲಿಗೆ ತಂದರು. ಅಂದರೆ ಮಗ ಮಲಗಿದಲ್ಲಿಂದಲೇ ದೇವರನ್ನೂ ತಂದೆಯ ಸಮಾಧಿಯನ್ನೂ ಒಂದೇ ದಿಕ್ಕಿನಲ್ಲಿ ಇಟ್ಟುಕೊಂಡಿದ್ದ. ಕೋಣೆಯಲ್ಲಿ ನಿಂತಾಗ ಮಂಚವನ್ನಲ್ಲ, ಆ ಕಿಂಡಿಯನ್ನು ನೋಡಿ. ಆಮೇಲೆ ಚರ್ಚಿಗೆ ಹೋದಾಗ ಅದೇ ಕಿಂಡಿಯನ್ನು ಆ ಕಡೆಯಿಂದ ಹುಡುಕಿ.

ಅಮೆರಿಕದಿಂದ ಫಿಲಿಪ್ಪೀನ್ಸ್‌ವರೆಗೆ ಆಳಿದವನ ಕೋಣೆಗಳು ಇಷ್ಟೇನಾ ಎನ್ನಿಸುವುದು ಸಹಜ. ಸುಣ್ಣದ ಗೋಡೆ, ಕೆಳಭಾಗಕ್ಕೆ ತಲಾವೆರಾದ ನೀಲಿ ಹೆಂಚು. ಇಲ್ಲಿಯ ಕುರ್ಚಿ ಮತ್ತು ಪಲ್ಲಕ್ಕಿಯನ್ನು ಗಮನವಿಟ್ಟು ನೋಡಿ: ಕೊನೆಯ ವರ್ಷಗಳಲ್ಲಿ ಗೌಟ್ ಎಂಬ ಕೀಲುಬೇನೆ ಅವನ ಕೈಕಾಲನ್ನು ಹಿಂಡಿಹಾಕಿತ್ತು, ಓಡಾಟವೆಲ್ಲ ಬೇರೆಯವರ ಹೆಗಲ ಮೇಲೆ. 1598ರಲ್ಲಿ ಹಾಸಿಗೆ ಹಿಡಿದವನು 50ಕ್ಕೂ ಹೆಚ್ಚು ದಿನ ಏಳಲೇ ಇಲ್ಲ. ತಂದೆ ಸಾಯುವಾಗ ಹಿಡಿದಿದ್ದ ಶಿಲುಬೆಯನ್ನೇ ತಾನೂ ಹಿಡಿದು ಸತ್ತ. ಕಾಗದದ ಅರಸ ಎಂದು ಹೆಸರಾದವನು ಅವನು. ಬಂದ ಪತ್ರದ ಅಂಚಿನಲ್ಲೆಲ್ಲ ಸ್ವತಃ ಟಿಪ್ಪಣಿ ಗೀಚುತ್ತಿದ್ದ, ತೀರ್ಮಾನ ತಡವಾಗುತ್ತಿದ್ದುದೂ ಅದರಿಂದಲೇ. ಪಕ್ಕದ ಕೋಣೆಗಳಲ್ಲಿ ಬಿಸಿಲಿನಿಂದ ನಡುಹಗಲನ್ನು ಗುರುತಿಸಲು ನೆಲಕ್ಕೆ ಕೂರಿಸಿದ ಲೋಹದ ಸೂರ್ಯರೇಖೆ ಕಾಣುತ್ತದೆ. ಅದು ಫಿಲಿಪ್‌ನದೆಂದು ಭಾವಿಸಬೇಡಿ, 18ನೇ ಶತಮಾನದ್ದು.

ಚರ್ಚಿನಲ್ಲಿ ಕತ್ತೆತ್ತಿ ಗೋಪುರ ನೋಡುವ ಮೊದಲು ಬಲಿಪೀಠದ ಎರಡೂ ಬದಿಯ ಚಿನ್ನದ ಲೇಪದ ಕಂಚಿನ ಪ್ರತಿಮೆಗಳನ್ನು ನೋಡಿ. ಶಿಲ್ಪಿಗಳಾದ ಲಿಯೋನಿ ತಂದೆಮಗ ಇಬ್ಬರ ಕಾರ್ಯಾಗಾರದ ಕೆಲಸ. ಒಂದು ಬದಿಗೆ ಚಾರ್ಲ್ಸ್‌ನ ಕುಟುಂಬ, ಇನ್ನೊಂದು ಬದಿಗೆ ಫಿಲಿಪ್‌ನದು. ಫಿಲಿಪ್ ನಾಲ್ಕು ಮದುವೆಯಾದವನು: ಪೋರ್ಚುಗಲ್‌ನ ಮರಿಯಾ ಮನುಯೆಲಾ, ಇಂಗ್ಲೆಂಡಿನ ರಾಣಿ ಮೇರಿ, ಫ್ರಾನ್ಸಿನ ಎಲಿಜಬೆತ್, ಆಸ್ಟ್ರಿಯಾದ ಆನ್ನಾ. ಪ್ರತಿಮೆಗಳಲ್ಲಿ ಹೆಂಡತಿಯರು ಮೂವರೇ. ಬಿಟ್ಟುಹೋದವಳು ಮೇರಿ, ಅವಳಿಂದ ಮಕ್ಕಳೂ ಇಲ್ಲ, ರಾಜ್ಯವೂ ಉಳಿಯಲಿಲ್ಲ. 1568ರಲ್ಲಿ ಸೆರೆಯಲ್ಲೇ ಸತ್ತ ಮಗ ದೊನ್ ಕಾರ್ಲೋಸ್ ಮಾತ್ರ ಇದ್ದಾನೆ, ಪ್ರಾರ್ಥನೆಯ ಭಂಗಿಯಲ್ಲಿ. ಆ ಕುಟುಂಬದ ಬಗ್ಗೆ ಇಡೀ ಕಟ್ಟಡದಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಜಾಗ ಇಲ್ಲ. ಪೂಜೆಯ ಹೊತ್ತಿನಲ್ಲಿ ಹೋದರೆ ಇದನ್ನು ನಿಧಾನವಾಗಿ ನೋಡಲಾಗುವುದಿಲ್ಲ, ವೇಳೆ ಮೊದಲೇ ಕೇಳಿಕೊಳ್ಳಿ.

ರಾಜರ ಸಮಾಧಿಮನೆಯ ಮುಂದೆ ಸಾಲು ಉದ್ದ, ಬೆರಗು ಜಾಸ್ತಿ, ತಪ್ಪು ತಿಳಿವಳಿಕೆಯೂ ಜಾಸ್ತಿ. ಎಂಟು ಮೂಲೆಯ ಕೋಣೆ, ಗಾಢ ಬಣ್ಣದ ಅಮೃತಶಿಲೆ, ಹೊಳೆಯುವ ಕಂಚು, 26 ಶವಪೆಟ್ಟಿಗೆ. ಫಿಲಿಪ್‌ನ ಕಟ್ಟುನಿಟ್ಟಿಗೂ ಈ ಝಗಮಗಕ್ಕೂ ತಾಳೆಯಾಗದಿರುವುದು ಸರಿಯೇ, ಏಕೆಂದರೆ ಇದು ಅವನ ಅಭಿರುಚಿಯಲ್ಲ. ಮಗ ಮೂರನೇ ಫಿಲಿಪ್ 1617ರಲ್ಲಿ ಶುರುಮಾಡಿಸಿದ್ದು. ಮುಗಿದದ್ದು ಮೊಮ್ಮಗನ ಕಾಲಕ್ಕೆ, 1654ರಲ್ಲಿ. ಇಲ್ಲಿ ಜಾಗ ಪಡೆಯುವುದು ಆಳಿದವರು ಮತ್ತು ಮುಂದಿನ ಅರಸನನ್ನು ಹೆತ್ತ ರಾಣಿಯರು. ಹಾಗಾಗಿ ಫಿಲಿಪ್‌ನ ಹೆಂಡತಿಯರಲ್ಲಿ ಆನ್ನಾ ಒಬ್ಬಳೇ ಈ ಕೋಣೆಯಲ್ಲಿದ್ದಾಳೆ. ಶವಗಳು ಮೊದಲು ಕೊಳೆಯುವ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದು, ಎಲುಬಷ್ಟೇ ಇಲ್ಲಿಗೆ ಬರುತ್ತವೆ. ಆ ಕೋಣೆ ಸಂದರ್ಶಕರಿಗಿಲ್ಲ. ಪಕ್ಕದ ರಾಜಕುಮಾರರ ಸಮಾಧಿಗಳು 19ನೇ ಶತಮಾನದವು, ಬಿಳಿ ಸಕ್ಕರೆಯ ಕೇಕಿನ ಹಾಗಿರುವ ಮಕ್ಕಳ ಸಮಾಧಿಯೂ ಅಲ್ಲೇ. ಅಲ್ಲಿ ಲೆಪಾಂಟೊ ನೌಕಾಯುದ್ಧ ಗೆದ್ದ, ಫಿಲಿಪ್‌ನ ಮಲತಮ್ಮ ಆಸ್ಟ್ರಿಯಾದ ದೊನ್ ಹುವಾನ್‌ನ ಪ್ರತಿಮೆಯೊಂದನ್ನು ನೋಡಿದರೆ ಸಾಕು.

ಯುದ್ಧಗಳ ಪಡಸಾಲೆ 50 ಮೀಟರ್ ದಾಟುವ ಉದ್ದದ್ದು. ಒಂದು ಗೋಡೆಗೆ 1431ರ ಇಗೆರುವೆಲಾ ಕಾಳಗ, ಎದುರಿಗೆ ಫಿಲಿಪ್‌ನ ಕಾಲದ ಗೆಲುವುಗಳು, ಕೊನೆಯಲ್ಲಿ ಅಸೋರ್ಸ್ ದ್ವೀಪಗಳ ನೌಕಾ ಕಾರ್ಯಾಚರಣೆ. ಇಂಗ್ಲೆಂಡಿನ ಮೇಲೆ ಹೋಗಿ ಸೋತ 1588ರ ನೌಕಾಪಡೆ ಅರ್ಮಾಡಾಕ್ಕೆ ಜಾಗವಿಲ್ಲ. ನೆದರ್ಲೆಂಡ್ಸ್‌ನ ದಂಗೆ, 1557, 1575, 1596ರಲ್ಲಿ ಸಾಲ ತೀರಿಸಲಾಗದೆ ಖಜಾನೆ ಕೈಯೆತ್ತಿದ್ದು, ಇವೂ ಗೋಡೆಯ ಮೇಲೆ ಇಲ್ಲ. ಆಳ್ವಿಕೆಯ ಇತಿಹಾಸ ಕಲಿಯಲು ಇದು ಪಕ್ಷಪಾತಿ ಮೇಷ್ಟ್ರು ಎಂದು ತಿಳಿದೇ ನೋಡಬೇಕು.

ಚಿತ್ರಗಳಲ್ಲಿ ಒಂದನ್ನು ಬಿಡಬಾರದು: ಎಲ್ ಗ್ರೆಕೊನ ಸಂತ ಮಾರಿಸ್. 1580ರಲ್ಲಿ ಚರ್ಚಿಗೆಂದು ಬರೆಯಲು ಹೇಳಿ, 1582ರಲ್ಲಿ ಬಂದಾಗ ಅರಸ ದುಡ್ಡು ಕೊಟ್ಟ, ಬಲಿಪೀಠದಲ್ಲಿ ಮಾತ್ರ ಇಡಿಸಲಿಲ್ಲ. ಹತ್ತಿರ ನಿಂತರೆ ಕಾರಣ ಊಹಿಸಬಹುದು. ಸಂತನೂ ಜೊತೆಗಾರರೂ ಮುಂದೆ ನಿಂತು ಮಾತುಕತೆಯಲ್ಲಿದ್ದಾರೆ, ತಲೆ ಹಾರಿಸುವ ಬಲಿದಾನ ಹಿಂದೆ ಸಣ್ಣದಾಗಿ ಸರಿದಿದೆ. ಭಕ್ತ ಕೈಮುಗಿಯಬೇಕಾದ್ದು ಯಾವುದಕ್ಕೆ? ಫಿಲಿಪ್ ಮುಗಿಬಿದ್ದು ಸಂಗ್ರಹಿಸಿದ ಬಾಶ್‌ನ ದೊಡ್ಡ ಚಿತ್ರಗಳಿಗಾಗಿ ಮಾತ್ರ ಇಲ್ಲಿಗೆ ಬರಬೇಡಿ. 1593ರಲ್ಲಿ ಇಲ್ಲಿಗೆ ಬಂದ ಐಹಿಕ ಸುಖಗಳ ತೋಟದ ಚಿತ್ರವೂ, ಏಳು ಪಾಪಗಳ ಮೇಜೂ ಈಗ ಮ್ಯಾಡ್ರಿಡ್‌ನ ಪ್ರಾದೋ ವಸ್ತುಸಂಗ್ರಹಾಲಯದಲ್ಲಿವೆ.

ಗ್ರಂಥಾಲಯ ಸಾಮಾನ್ಯವಾಗಿ ಕೊನೆಗೆ ಸಿಗುತ್ತದೆ, ಅಷ್ಟರಲ್ಲಿ ಕಾಲು ಸೋತಿರುತ್ತದೆ. ಅದಕ್ಕೆ ಅರ್ಧ ಗಂಟೆ ಉಳಿಸಿಕೊಳ್ಳದಿದ್ದರೆ ಟಿಕೆಟ್ಟಿನ ಅರ್ಧ ದುಡ್ಡು ಹೋದಂತೆ. 54 ಮೀಟರ್ ಉದ್ದದ ಹಜಾರ, ಚಾವಣಿಗೆ ತಿಬಾಲ್ದಿ ಬರೆದ ಏಳು ವಿದ್ಯೆಗಳು, ಕಪಾಟುಗಳು ಎರ್ರೆರಾನ ವಿನ್ಯಾಸ. ಪುಸ್ತಕಗಳ ಬೆನ್ನು ಒಳಕ್ಕೆ, ಚಿನ್ನದ ಅಂಚು ಹೊರಕ್ಕೆ. ತಿರುಗಿಸಿ ಇಟ್ಟಿದ್ದಾರೆ ಎಂದು ನಗಬೇಡಿ, ಅದೇ ಇಲ್ಲಿಯ ಕ್ರಮ. ಮೊದಲಿಗೆ ಇವನ್ನು ವಿಷಯವಾರು ಜೋಡಿಸಿದವನು ಬೆನಿತೊ ಆರಿಯಾಸ್ ಮೊಂತಾನೊ. ಬೆಂಕಿ 1671ರಲ್ಲಿ ಎಷ್ಟೋ ಹಸ್ತಪ್ರತಿಗಳನ್ನು ನುಂಗಿತು. ಇಲ್ಲೇ ಪಾಂತೋಹಾ ಬರೆದ ಮುದಿ ಫಿಲಿಪ್‌ನ ಚಿತ್ರವೂ ಇದೆ: ಕಪ್ಪು ಬಟ್ಟೆ, ಬಿಳಿಚಿದ ಮುಖ.

ಆಮೇಲಿನ ಬೂರ್ಬನ್ ವಂಶದ ಅರಸರ ಕೋಣೆಗಳಿಗೆ ಪ್ರತ್ಯೇಕ ಸಮಯ ಕೊಡುವ ಅಗತ್ಯ ಫಿಲಿಪ್‌ಗಾಗಿ ಬಂದವರಿಗೆ ಇಲ್ಲ. ಗೊಯಾನ ಚಿತ್ರಗಳಿಂದ ನೇಯ್ದ ತೆರೆಗಳಲ್ಲಿ ಆಸಕ್ತಿಯಿದ್ದರೆ ಬೇರೆ ಮಾತು. ಎರಡೇ ಗಂಟೆ ಇದ್ದರೆ ಯುದ್ಧಗಳ ಪಡಸಾಲೆಯನ್ನು ನಡೆಯುತ್ತಲೇ ನೋಡಿ, ಕೋಣೆ, ಚರ್ಚು, ಸಮಾಧಿಗಳಿಗೆ ಒಂದೂವರೆ ಗಂಟೆ, ಉಳಿದದ್ದು ಗ್ರಂಥಾಲಯಕ್ಕೆ. ಬೆಟ್ಟದ ಮೇಲೆ ಬಂಡೆಯಲ್ಲಿ ಕೊರೆದ ಫಿಲಿಪ್‌ನ ಕುರ್ಚಿ ಎಂಬುದಿದೆ, ಅಲ್ಲಿ ಕೂತು ಅವನು ಕೆಲಸ ನೋಡುತ್ತಿದ್ದ ಎನ್ನುತ್ತಾರೆ. ಅದು ದಂತಕಥೆ, ಆದರೆ ಅಲ್ಲಿಂದ ಕಟ್ಟಡದ ಪೂರ್ತಿ ನಕ್ಷೆ ಒಂದೇ ನೋಟಕ್ಕೆ ಸಿಗುತ್ತದೆ.