ಬರ್ನಿಂಗ್ ಮ್ಯಾನ್‌ಗೆ ಬಸ್ಸೋ ಕಾರೋ, ಟೆಂಟೋ ಯರ್ಟೋ ಆರ್‌ವಿಯೋ: ಕೊಡಗಿನವರಿಗೆ ಒಂದು ಹೋಲಿಕೆ

ಕೊಡಗಿನಿಂದ ಅಮೆರಿಕದ ಮರುಭೂಮಿಯಲ್ಲಿ ನಡೆಯುವ ಬರ್ನಿಂಗ್ ಮ್ಯಾನ್ ಉತ್ಸವಕ್ಕೆ ಹೊರಡುವವರು ಮೊದಲು ಕೇಳೋದು ಒಂದೇ ಪ್ರಶ್ನೆ: ಯಾವ ಟೆಂಟ್ ತಗೊಳ್ಳಲಿ? ನಾನು ತಿರುಗಿ ಕೇಳುತ್ತೇನೆ, ಅಲ್ಲಿಗೆ ಹೇಗೆ ಹೋಗುತ್ತೀರಿ? ಬಸ್ಸಲ್ಲಿ ಹೋದರೆ ಎರಡು ದೊಡ್ಡ ಬ್ಯಾಗು, ಕೈಯಲ್ಲೊಂದು ಚಿಕ್ಕದು, ಅಷ್ಟೇ. ಅದರಲ್ಲಿ ಹಿಡಿಸುವ ಮನೆಯೇ ನಿಮ್ಮ ಮನೆ. ಕಾರಿದ್ದರೆ ಲೆಕ್ಕ ಬೇರೆ. ನಾನು ಬಸ್ಸಲ್ಲಿ ಟೆಂಟ್ ಹೊತ್ತುಕೊಂಡು ಹೋಗಿದ್ದೇನೆ, ಗೆಳೆಯರ ಕಾರಲ್ಲಿ ಯರ್ಟ್, ಅಂದರೆ ಬೋರ್ಡ್ ಜೋಡಿಸಿ ನಿಲ್ಲಿಸುವ ಗುಡಿಸಲು, ಕಟ್ಟಿಕೊಂಡು ಹೋಗಿದ್ದೇನೆ, ಬಾಡಿಗೆ ಆರ್‌ವಿಯಲ್ಲೂ, ಅಂದರೆ ಒಳಗೇ ವಾಸ ಮಾಡುವಂಥ ದೊಡ್ಡ ವಾಹನದಲ್ಲೂ, ಮಲಗಿದ್ದೇನೆ. ಹಾಗಾಗಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೇಳಬಲ್ಲೆ. ವೀಸಾ, ಟಿಕೆಟ್ ವಿಷಯ ಇಲ್ಲಿ ಬೇಡ, ಅದು ಬೇರೆಯೇ ಪುರಾಣ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1986ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೇಕರ್ ಬೀಚ್‌ನಲ್ಲಿ ಲ್ಯಾರಿ ಹಾರ್ವಿ, ಜೆರ್ರಿ ಜೇಮ್ಸ್ ಮತ್ತೆ ಒಂದಷ್ಟು ಗೆಳೆಯರು ಮರದ ಮನುಷ್ಯನನ್ನು ಮಾಡಿ ಸುಟ್ಟರು. 1990ರಲ್ಲಿ ಅದು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಗೆ ಹೋಯಿತು. ಈಗ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ಸೋಮವಾರದವರೆಗೆ ಸುಮಾರು 70,000 ಜನ ಸೇರಿ ಒಂದು ಊರನ್ನೇ ಕಟ್ಟುತ್ತಾರೆ, ಆಮೇಲೆ ಒಂದು ಗುರುತೂ ಉಳಿಯದ ಹಾಗೆ ಬಿಚ್ಚಿಕೊಂಡು ಹೋಗುತ್ತಾರೆ. ಒಳಗೆ ಅಂಗಡಿ ಇಲ್ಲ. ದುಡ್ಡು ಕೊಟ್ಟರೆ ಸಿಗೋದು ಹೆಚ್ಚುಕಡಿಮೆ ಐಸ್ ಮಾತ್ರ. ನೀರು ತಲೆಗೆ ದಿನಕ್ಕೆ ಒಂದೂವರೆ ಗ್ಯಾಲನ್, ಅಂದರೆ ಐದೂವರೆ ಲೀಟರ್‌ಗಿಂತ ಜಾಸ್ತಿ, ನಾವೇ ಹೊತ್ತುಕೊಂಡು ಹೋಗಬೇಕು.

ಎತ್ತರದಲ್ಲಿ ಅದು ಹೆಚ್ಚುಕಡಿಮೆ ಮಡಿಕೇರಿಯಷ್ಟೇ, ಸುಮಾರು 1,190 ಮೀಟರ್. ಆದರೆ ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ. ನಾವು ಟೆಂಟ್ ಹಾಕುವಾಗ ಯೋಚಿಸೋದು ಮೇಲಿಂದ ಸುರಿಯುವ ನೀರು, ಕೆಳಗಿಂದ ಜಿನುಗುವ ನೀರು, ಜಿಗಣೆ. ಅಲ್ಲಿ ಯೋಚಿಸಬೇಕಾದ್ದು ಬಿಸಿಲು, ಗಾಳಿ, ಧೂಳು. ಮಧ್ಯಾಹ್ನ 38 ಡಿಗ್ರಿ ಮುಟ್ಟುತ್ತದೆ, ಬೆಳಗಿನ ಜಾವಕ್ಕೆ ಸ್ವೆಟರ್ ಮೇಲೆ ಜಾಕೆಟ್ ಬೇಕು. ಆ ಧೂಳು ಮರಳಲ್ಲ. ಲಹಾಂಟನ್ ಅನ್ನೋ ಪುರಾತನ ಸರೋವರ ಒಣಗಿ ಉಳಿದ ತಳ ಅದು, ಮೈಗೆ ಹಾಕುವ ಪೌಡರ್‌ನಷ್ಟು ನುಣುಪು, ಕ್ಷಾರ ಬೇರೆ. ಕಣದಲ್ಲಿ ಬರಿಗಾಲಲ್ಲಿ ಓಡಾಡಿದ ಅಭ್ಯಾಸ ಅಲ್ಲಿಗೆ ತಗೊಂಡು ಹೋಗಬೇಡಿ. ಹಿಮ್ಮಡಿ ಒಡೆದು ಉರಿಯುತ್ತದೆ. ದಿನಾ ರಾತ್ರಿ ವಿನೆಗರ್ ಬೆರೆಸಿದ ನೀರಲ್ಲಿ ಕಾಲು ಒರೆಸಿ ಸಾಕ್ಸ್ ಹಾಕಿಕೊಂಡು ಮಲಗಿ.

ಈಗ ಬಸ್ಸು, ಕಾರು. ಬರ್ನರ್ ಎಕ್ಸ್‌ಪ್ರೆಸ್ ಬಸ್ಸು ಸ್ಯಾನ್ ಫ್ರಾನ್ಸಿಸ್ಕೋದಿಂದಲೂ ಇದೆ, ರೀನೋದಿಂದಲೂ ಇದೆ. ರೀನೋದಿಂದ ಸುಮಾರು 190 ಕಿಲೋಮೀಟರ್. ವಾಡ್ಸ್‌ವರ್ತ್ ದಾಟಿ 447ನೇ ರಸ್ತೆ ಹಿಡಿದರೆ ನಿಕ್ಸನ್, ಎಂಪೈರ್, ಗರ್ಲಾಕ್. ಅಲ್ಲಿಂದ ಸ್ವಲ್ಪ ದೂರಕ್ಕೆ ಟಾರು ಬಿಟ್ಟು ಪ್ಲಾಯಾಕ್ಕೆ ಇಳಿಯಬೇಕು, ಆ ಬಯಲಿಗೆ ಎಲ್ಲರೂ ಹೇಳೋದು ಹಾಗೆ. ರಸ್ತೆಯ ಒಂದು ಭಾಗ ಪೈಯೂಟ್ ಬುಡಕಟ್ಟಿನವರ ನೆಲದ ಮೇಲೆ ಹೋಗುತ್ತದೆ, ಅವರ ಊರುಗಳಲ್ಲಿ ದಯವಿಟ್ಟು ನಿಧಾನ ಹೋಗಿ. ಇಲ್ಲಿವರೆಗೆ ಬಸ್ಸಿಗೂ ಕಾರಿಗೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಶುರುವಾಗೋದು ಗೇಟ್ ರಸ್ತೆಯಲ್ಲಿ. ಕಾರುಗಳು ಸಾಲುಸಾಲಾಗಿ ನಿಂತಿರುತ್ತವೆ, ಗಂಟೆಗಟ್ಟಲೆ, ಗಾಳಿ ಎದ್ದು ಮುಂದಿನ ಕಾರಿನ ಲೈಟೂ ಕಾಣದ ಹಾಗಾದರೆ ಗೇಟನ್ನೇ ಮುಚ್ಚುತ್ತಾರೆ, ಆಗ ಕಿಟಕಿ ಏರಿಸಿ ಸುಮ್ನೆ ಕೂತಿರಬೇಕು. ಬಸ್ಸಿಗೆ ಬೇರೆ ದಾರಿ. ಕಾರಿನವರು ಸಾಲಲ್ಲಿ ಕೂತು ಊಟ ಮಾಡುತ್ತಿರುವಾಗ ನಾವು ಪಕ್ಕದಲ್ಲೇ ದಾಟಿ ಹೋದೆವು. ವಾಪಸ್ ಬರುವಾಗ ಈ ಲಾಭ ಇನ್ನೂ ದೊಡ್ಡದು, ಎಲ್ಲರೂ ಒಟ್ಟಿಗೆ ಹೊರಡುವ ದಿನ ಕಾರಿನ ಸಾಲು ಎಂಟು ಗಂಟೆ ದಾಟಿದ್ದೂ ಇದೆ. ಬಸ್ಸಿನವರು ವಾಹನದ ಪಾಸ್ ಕೊಳ್ಳಬೇಕಾಗಿಲ್ಲ, ಅದೂ ಉಳಿಯಿತು.

ಆದರೆ ಇಳಿದ ಮೇಲೆ? ಊರಿನ ಬೀದಿಗಳು ಗಡಿಯಾರದ ಲೆಕ್ಕ. ನಡುವೆ ಮರದ ಮನುಷ್ಯ, ಎರಡು ಗಂಟೆಯಿಂದ ಹತ್ತು ಗಂಟೆವರೆಗೆ ಕಡ್ಡಿ ಬೀದಿಗಳು, ಅವನ್ನು ಕತ್ತರಿಸುವ ಅಡ್ಡ ಬೀದಿಗಳು ಅಕ್ಷರದ ಕ್ರಮದಲ್ಲಿ. ಬಸ್ ನಿಲ್ಲುವ ಜಾಗದಿಂದ ನಿಮ್ಮ ಕ್ಯಾಂಪಿಗೆ ಬ್ಯಾಗು ಎಳೆದುಕೊಂಡು ನಡೆಯಬೇಕು. ಚಕ್ರದ ಸೂಟ್‌ಕೇಸ್ ಮೆತ್ತಗಿನ ಧೂಳಲ್ಲಿ ಸಿಕ್ಕಿಕೊಳ್ಳುತ್ತದೆ. ಕಾರಲ್ಲಿ ಹೋದರೆ ಊರೊಳಗೆ ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಹೋಗಬೇಕು ನಿಜ, ಆದರೆ ಸಾಮಾನು, ನೀರಿನ ಕ್ಯಾನ್, ಸೈಕಲ್ಲು ಎಲ್ಲ ನಿಮ್ಮ ಜಾಗದಲ್ಲೇ ಇಳಿಯುತ್ತವೆ. ನನಗೆ ಕೇಳಿದರೆ, ಒಬ್ಬರೇ ಹೋಗುವುದಾದರೆ ಕಣ್ಣು ಮುಚ್ಚಿ ಬಸ್ಸು. ನಾಲ್ಕು ಜನ ಇದ್ದರೆ ಕಾರು.

ಟೆಂಟ್. ನಮ್ಮ ಊರಲ್ಲಿ ಟ್ರೆಕ್ಕಿಂಗ್‌ಗೆ ಕೊಳ್ಳುವ ಟೆಂಟ್‌ಗಳಿಗೆ ಮೇಲೆ ಬಲೆ ಇರುತ್ತದೆ, ಸೆಕೆಗೆ ಒಳ್ಳೇದು. ಅಲ್ಲಿ ಆ ಬಲೆಯಿಂದಲೇ ಧೂಳು ಸೋರುತ್ತದೆ. ಬಟ್ಟೆಯ ಜಿಪ್ ಹಾಕಿ ಬಲೆ ಪೂರ್ತಿ ಮುಚ್ಚಲು ಬರುವಂಥ ಟೆಂಟ್ ಬೇಕು. ಅಷ್ಟಾದರೂ ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಇರೋಕೆ ಆಗಲ್ಲ, ರಾತ್ರಿಯಿಡೀ ಅಲ್ಲಿನ ಕಲಾಕೃತಿಗಳನ್ನು ನೋಡಿ, ಪ್ಲಾಯಾ ಸುತ್ತಿ ಬಂದು ಬೆಳಗಿನ ಜಾವ ಮಲಗಿದವರಿಗೆ ಇದು ದೊಡ್ಡ ಶಿಕ್ಷೆ. ಪರಿಹಾರ ಟೆಂಟ್ ಬದಲಿಸೋದಲ್ಲ, ಅದರ ಮೇಲೆ ನೆರಳು ಕಟ್ಟೋದು. ಪಿವಿಸಿ ಪೈಪನ್ನು ಕಮಾನಿನ ಹಾಗೆ ಬಗ್ಗಿಸಿ ಬಟ್ಟೆ ಹೊದಿಸುತ್ತಾರೆ, ಮಂಕಿ ಹಟ್ ಅಂತ ಹೆಸರು. ಬಸ್ಸಲ್ಲಿ ಪೈಪ್ ತರೋಕೆ ಆಗಲ್ಲ, ಅದಕ್ಕೇ ಬಸ್ಸಿನವರು ಮೊದಲೇ ಯಾವುದಾದರೂ ಕ್ಯಾಂಪ್ ಸೇರಿಕೊಂಡು ಅವರ ನೆರಳಿನಡಿ ಜಾಗ ಕೇಳಿಕೊಳ್ಳಬೇಕು. ಬೆಳ್ಳಿ ಬಣ್ಣದ ಅಲ್ಯೂಮಿನೆಟ್ ಬಲೆಯ ಕೆಳಗೆ ನಾನು ಹತ್ತೂವರೆವರೆಗೆ ಮಲಗಿದ್ದೇನೆ, ಅದೇ ಟೆಂಟಲ್ಲಿ.

ಗೂಟದ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಇದರಲ್ಲೇ ಎಲ್ಲ ಇದೆ. ಆಗಸ್ಟ್‌ನಲ್ಲಿ ನಮ್ಮ ತೋಟದಲ್ಲಿ ಗೂಟ ಅಂಗೈಯಲ್ಲಿ ಒತ್ತಿದರೂ ಇಳಿಯುತ್ತದೆ. ಅಲ್ಲಿ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಟೆಂಟ್ ಜೊತೆ ಬರುವ ತೆಳು ಕಡ್ಡಿ ಬಗ್ಗುತ್ತದೆ, ಇಲ್ಲಾ ಮೊದಲ ಗಾಳಿಗೆ ಕಿತ್ತು ಬರುತ್ತದೆ. ಹಳಬರು ಕಾಂಕ್ರೀಟಿಗೆ ಹಾಕುವ ರೀಬಾರ್ ಕಂಬಿಯನ್ನು ಕೊಕ್ಕೆ ಮಾಡಿ ದೊಡ್ಡ ಸುತ್ತಿಗೆಯಲ್ಲಿ ಹೊಡೆಯುತ್ತಾರೆ. ಗಟ್ಟಿ ನಿಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಕೀಳೋದು ಮಾತ್ರ ಹಿಂಸೆ. ನನಗೆ ಹಿಡಿಸಿದ್ದು ಲ್ಯಾಗ್ ಬೋಲ್ಟ್. 10ರಿಂದ 14 ಇಂಚಿನ ಉದ್ದದ ಸ್ಕ್ರೂ, ತಲೆಯ ಕೆಳಗೆ ಒಂದು ವಾಷರ್, ಹಗ್ಗ ಕಟ್ಟಲು ಸರಪಳಿಯ ಎರಡು ಮೂರು ಕೊಂಡಿ. ಬ್ಯಾಟರಿಯಲ್ಲಿ ಸ್ಕ್ರೂ ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಒತ್ತಿದರೆ ಗರ್ರ್ ಅಂತ ಸದ್ದು ಮಾಡುತ್ತ ಬಿಳಿ ಪುಡಿ ಸುತ್ತ ಉಕ್ಕಿಸಿಕೊಂಡು ಇಳಿಯುತ್ತದೆ, ಕೊನೆಗೆ ಕೊಂಡಿ ನೆಲಕ್ಕೆ ಅಂಟಿ ನಿಲ್ಲುತ್ತದೆ. ಕೊನೆಯ ದಿನ ಉಲ್ಟಾ ತಿರುಗಿಸಿದರೆ ಎದ್ದು ಬರುತ್ತದೆ. ಹತ್ತು ಬೋಲ್ಟು ಬಸ್ಸಿನ ಬ್ಯಾಗಲ್ಲೂ ಹಿಡಿಸುತ್ತವೆ. ಇಂಪ್ಯಾಕ್ಟ್ ಡ್ರೈವರ್ ಇಲ್ಲದಿದ್ದರೂ ಯೋಚನೆ ಬೇಡ, ಪಕ್ಕದವರನ್ನು ಕೇಳಿ, ಬಂದು ಹಾಕಿಕೊಟ್ಟು ಹೋಗುತ್ತಾರೆ. ಊರಿಂದಲೇ ತರುವುದಾದರೆ ಅದರ ಬಿಡಿ ಲಿಥಿಯಂ ಬ್ಯಾಟರಿಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಲ್ಲಿ ಬಿಡೋದಿಲ್ಲ.

ಇನ್ನು ಯರ್ಟ್, ಪೂರ್ತಿ ಹೆಸರು ಹೆಕ್ಸಾಯರ್ಟ್. ನನ್ನ ಮನಸ್ಸು ಇದರ ಕಡೆಗೇ. ವಿನಯ್ ಗುಪ್ತಾ ಅನ್ನುವವರು ನಿರಾಶ್ರಿತರ ವಸತಿಗೆ ಅಂತ ಯೋಚಿಸಿದ ವಿನ್ಯಾಸ, ಯಾರು ಬೇಕಾದರೂ ದುಡ್ಡು ಕೊಡದೆ ಕಟ್ಟಿಕೊಳ್ಳಬಹುದು. 4 ಅಡಿ ಅಗಲ 8 ಅಡಿ ಉದ್ದದ, ಎರಡೂ ಕಡೆ ಬೆಳ್ಳಿ ಹಾಳೆ ಅಂಟಿಸಿದ ಫೋಮ್ ಬೋರ್ಡ್ ಹನ್ನೆರಡು. ಆರು ಗೋಡೆಗೆ, ಆರನ್ನು ಕರ್ಣಕ್ಕೆ ಕತ್ತರಿಸಿ ಮಾಡಿಗೆ. ಅಂಚುಗಳನ್ನು ಅಗಲದ ನೂಲಿನ ಟೇಪ್‌ನಿಂದ ಜೋಡಿಸಿ, ಮಾಡಿನ ಸುತ್ತ ಹಗ್ಗದ ಬಳೆ ಹಾಕಿ ಆರು ಕಡೆ ಎಳೆದು ಕಟ್ಟುತ್ತೇವೆ. ಬ್ಯಾಗಲ್ಲಿ ಇದು ಬರೋದಿಲ್ಲ, ಕಾರಿನ ಮೇಲೆ ಕಟ್ಟಬೇಕು ಅಥವಾ ಟ್ರೈಲರ್ ಬೇಕು. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಊರಿನ ಗೆಳೆಯರ ಗ್ಯಾರೇಜಿನಲ್ಲೇ ಕತ್ತರಿಸಿ, ಅಂಚಿಗೆಲ್ಲ ಟೇಪ್ ಸುತ್ತಿಕೊಂಡು ಹೋದೆವು. ಪ್ಲಾಯಾದಲ್ಲಿ ಕತ್ತರಿಸಿದರೆ ಫೋಮಿನ ಚೂರು ಗಾಳಿಗೆ ಹಾರಿ ಹೋಗುತ್ತದೆ, ಅದನ್ನು ಹೆಕ್ಕುವವರು ಯಾರು? ನಿಲ್ಲಿಸಲು ನಾಲ್ಕು ಜನ ಬೇಕು, ಗಾಳಿ ಇಲ್ಲದ ಬೆಳಗಿನ ಹೊತ್ತು ಬೇಕು. ಬೋರ್ಡ್ ಎತ್ತುವಾಗ ಗಾಳಿ ಬೀಸಿದರೆ ಬೋರ್ಡ್ ಜೊತೆ ನೀವೂ ಓಡಬೇಕಾಗುತ್ತದೆ.

ಆದರೆ ನಿಂತ ಮೇಲೆ! ಮಧ್ಯಾಹ್ನದವರೆಗೂ ಒಳಗೆ ರಾತ್ರಿಯ ತಂಪು ಉಳಿದಿರುತ್ತದೆ. ಕತ್ತಲೆ ಇರುತ್ತದೆ, ಹೊರಗಿನ ಸದ್ದೂ ಕಡಿಮೆ. ನೆಲದ ಹಾಳೆಯನ್ನು ಗೋಡೆಗೆ ಟೇಪ್ ಹಾಕಿ ಅಂಟಿಸಿದರೆ ಧೂಳು ಬರೋದು ಬಾಗಿಲು ತೆಗೆದಾಗ ಮಾತ್ರ. ಅದಕ್ಕೆ ಬಕೆಟ್ ಕೂಲರ್ ಜೋಡಿಸಿದರೆ ಸುಖವೇ ಸುಖ. ಬಕೆಟಿಗೆ ರಂಧ್ರ ಕೊರೆದು, ಒಳಗೆ ಒದ್ದೆ ಪ್ಯಾಡ್ ಸುತ್ತಿ, ಪುಟ್ಟ ಪಂಪಿನಿಂದ ನೀರು ಸುರಿಸಿ, ಫ್ಯಾನಿನಿಂದ ಗಾಳಿ ಎಳೆಯೋದು, 12 ವೋಲ್ಟ್ ಬ್ಯಾಟರಿ ಸಾಕು. ಇದೇ ಕೂಲರನ್ನು ಜುಲೈನಲ್ಲಿ ಸೋಮವಾರಪೇಟೆಯ ನಮ್ಮ ಮನೆ ಜಗಲಿಯಲ್ಲಿ ಓಡಿಸಿ ನೋಡಿದಾಗ ಒಂದು ಚೂರೂ ತಂಪಾಗಲಿಲ್ಲ, ಮನೆಯವರೆಲ್ಲ ಇದನ್ನು ಯಾಕೆ ಮಾಡಿದೆ ಅಂದರು. ನಮ್ಮ ಮಳೆಗಾಲದ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ, ಇನ್ನಷ್ಟು ನೀರು ಆವಿಯಾಗಲು ಜಾಗವೇ ಇಲ್ಲ. ನೆವಾಡಾದ ಒಣ ಗಾಳಿಯಲ್ಲಿ ಅದೇ ಬಕೆಟಿನಿಂದ ಮೈಗೆ ಚಳಿ ಹಿಡಿಯುವಂಥ ಗಾಳಿ ಬಂತು. ನೀರು ಕುಡಿಯುತ್ತದೆ, ಅದಕ್ಕೇ ಅಂತ ಬೇರೆ ಕ್ಯಾನ್ ಇಟ್ಟುಕೊಳ್ಳಿ.

ಆರ್‌ವಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹಾಸಿಗೆ, ಒಲೆ, ಶೌಚಾಲಯ ಎಲ್ಲ ಇದೆ, ಬಾಡಿಗೆ ಸಾವಿರಾರು ಡಾಲರ್. ಧೂಳು ತೆಗೆಯಲು ವಾಪಸ್ ಕೊಡುವಾಗ ಮತ್ತೆ ದುಡ್ಡು ಕೀಳುತ್ತಾರೆ, ಎಷ್ಟು ಅನ್ನೋದನ್ನು ಬಾಡಿಗೆ ಪತ್ರದಲ್ಲಿ ಮೊದಲೇ ಓದಿಕೊಳ್ಳಿ. ಎಸಿ ಬೇಕಾದರೆ ಜನರೇಟರ್ ಓಡಬೇಕು, ಪಕ್ಕದ ಟೆಂಟಿನವರ ನಿದ್ದೆ ಕೆಡುತ್ತದೆ, ಇದು ನನಗೆ ಸರಿ ಕಾಣಲಿಲ್ಲ. ಬಾಗಿಲು ಹಾಕಿಕೊಂಡರೆ ಊರೇ ಮರೆತುಹೋಗುತ್ತದೆ, ಅಷ್ಟು ದೂರ ಹೋಗಿದ್ದು ಅದಕ್ಕಲ್ಲ ಅಲ್ವಾ?

ಆದರೆ 2023ರಲ್ಲಿ ನಾವು ಇದ್ದದ್ದು ಆರ್‌ವಿಯಲ್ಲೇ, ಮತ್ತು ಆ ವರ್ಷ ಮಳೆ ಬಂತು. ಸೆಪ್ಟೆಂಬರ್ 1ರಂದು ಶುರುವಾದ ಮಳೆ, ನಮ್ಮ ಲೆಕ್ಕದಲ್ಲಿ ಮಳೆಯೇ ಅಲ್ಲ, ಒಂದು ಇಂಚೂ ಪೂರ್ತಿ ಆಗದಷ್ಟು. ಊರಿನ ಗೇಟು ಮುಚ್ಚಿತು, ವಾಹನ ಓಡಿಸಬೇಡಿ ಅಂದರು, ಸೋಮವಾರ ಮಧ್ಯಾಹ್ನದವರೆಗೆ ದಾರಿ ತೆರೆಯಲಿಲ್ಲ. ಕೊಡಗಿನ ಕೆಸರು ಜಾರುತ್ತದೆ, ಅಲ್ಲಿನದ್ದು ಹಿಡಿಯುತ್ತದೆ. ಹೆಜ್ಜೆಗೊಂದು ಪದರ ಅಂಟಿ ಬೂಟು ಎತ್ತಲಾಗದಷ್ಟು ಭಾರ. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನಡೆದೆವು. ಟೆಂಟಿನವರು ಒದ್ದೆ ಹಾಸಿಗೆ ಹಿಡಿದುಕೊಂಡು ನಿಂತಿದ್ದರು, ಅವರಲ್ಲಿ ಕೆಲವರು ನಮ್ಮ ಆರ್‌ವಿಯಲ್ಲೇ ರಾತ್ರಿ ಕಳೆದರು. ಪಕ್ಕದ ಯರ್ಟ್ ಒಳಗೆ ಒಣಗಿಯೇ ಇತ್ತು, ಇದು ಗಮನಿಸಬೇಕಾದ್ದು. ಮಧ್ಯದಲ್ಲಿ ಸೆಪ್ಟೆಂಬರ್ 3, ಕೈಲ್ ಪೊಳ್ದ್. ಈ ಉತ್ಸವಕ್ಕೂ ನಮ್ಮ ಹಬ್ಬಕ್ಕೂ ಹಲವು ವರ್ಷ ತಾಕಲಾಟ ಆಗುತ್ತದೆ. ರೀನೋದಲ್ಲಿ ಕೊಂಡು ಐಸಿನಲ್ಲಿಟ್ಟ ಹಂದಿಮಾಂಸ, ಊರಿಂದ ತಂದ ಕಾಚಂಪುಳಿ, ಮೆಣಸು. ಕಡಂಬುಟ್ಟು ಬೇಯಿಸಲು ನೀರು ಅಳೆದು ಇಟ್ಟೆವು, ಯಾಕೆಂದರೆ ಎಷ್ಟು ದಿನ ಅಲ್ಲೇ ಅಂತ ಯಾರಿಗೂ ಗೊತ್ತಿರಲಿಲ್ಲ. ಪಂದಿಕರಿಯ ವಾಸನೆಗೆ ಅಕ್ಕಪಕ್ಕದವರೆಲ್ಲ ಕೆಸರು ತುಳಿದುಕೊಂಡು ತಟ್ಟೆ ಹಿಡಿದು ಬಂದರು. ಆರ್‌ವಿಗೆ ನಾನು ಕೊಡುವ ಪೂರ್ತಿ ಅಂಕ ಆ ಒಲೆಗೆ.

ಹಾಗಾದರೆ ಯಾರಿಗೆ ಯಾವುದು? ಊರಿಂದ ನೇರ ಹೋಗುವ ಒಬ್ಬರಿಗೆ, ಇಬ್ಬರಿಗೆ: ಬಸ್ಸು, ಜಿಪ್ ಇರುವ ಟೆಂಟ್, ಲ್ಯಾಗ್ ಬೋಲ್ಟು, ಬೇರೆಯವರ ನೆರಳು. ಅಲ್ಲಿ ಗ್ಯಾರೇಜ್ ಇರುವ ಗೆಳೆಯರಿದ್ದರೆ ಯರ್ಟ್, ಬೇರೆ ಯೋಚನೆಯೇ ಬೇಡ, ಬೋರ್ಡು ಮಡಚಿ ಇಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಮಾತ್ರ ಆರ್‌ವಿ. ಯಾವುದಾದರೂ ಸರಿ, ಹೊರಡುವ ದಿನ ನಿಮ್ಮ ಜಾಗದಲ್ಲಿ ಸಾಲಾಗಿ ನಿಂತು ನೆಲ ನೋಡುತ್ತ ನಡೆದು ಟೇಪಿನ ಚೂರು, ದಾರದ ಎಳೆ, ಕಡ್ಡಿ ಎಲ್ಲ ಹೆಕ್ಕಬೇಕು. ಇದಕ್ಕೆ ಎರಡು ಗಂಟೆ ತೆಗೆದಿಡಿ. ಮತ್ತೆ ಲ್ಯಾಗ್ ಬೋಲ್ಟನ್ನು ರೀನೋದಲ್ಲಿ ಕೊಂಡರಾಯಿತು ಅಂತ ಬಿಡಬೇಡಿ, ಆ ವಾರ ಅಂಗಡಿಯಲ್ಲಿ ಉದ್ದದವು ಖಾಲಿಯಾಗಿರುತ್ತವೆ. ಜುಲೈನಲ್ಲೇ ತರಿಸಿಡಿ.