ಐದು ಕಟಕ್, ಒಂಬತ್ತು ಕಟಕ್: ಆರು ವರ್ಷದ ಕಾರು, ಒಂದು ಹ್ಯಾಂಡ್ ಬ್ರೇಕ್

2019ರಲ್ಲಿ ಕೊಂಡ ಚಿಕ್ಕ ಪೆಟ್ರೋಲ್ ಕಾರು. ಎಂಜಿನ್ ಎಷ್ಟು ಸಿಸಿ, ಡಿಕ್ಕಿಯಲ್ಲಿ ಎಷ್ಟು ಚೀಲ ಹಿಡಿಯುತ್ತದೆ ಎಂಬುದನ್ನೆಲ್ಲ ನೀವು ಬೇರೆ ವಿಮರ್ಶೆಗಳಲ್ಲಿ ಈಗಾಗಲೇ ನೋಡಿರುತ್ತೀರಿ. ಮೈಲೇಜ್ ಬಗ್ಗೆ ತಕರಾರಿಲ್ಲ. ಎಸಿ ಬಳ್ಳಾರಿಯ ಮೇ ತಿಂಗಳಲ್ಲಿ ಸೋಲುತ್ತದೆ. ಆ ತಿಂಗಳಲ್ಲಿ ಇಲ್ಲಿ ಸೋಲದವರು ಯಾರು? ನಾನು ಬರೆಯಲು ಕುಳಿತದ್ದು ಹ್ಯಾಂಡ್ ಬ್ರೇಕ್ ಬಗ್ಗೆ.

ಕೌಲ್ ಬಜಾರಿನ ಮನೆಯಿಂದ ತೋರಣಗಲ್ಲಿನ ಆಚೆಯ ಶಾಲೆಗೆ ದಿನವೂ ಹೋಗಿ ಬರುತ್ತೇನೆ. ದಾರಿಯುದ್ದಕ್ಕೂ ಅದಿರು ಲಾರಿ, ಕೆಂಪು ದೂಳು. ಕೊಂಡದ್ದು ಬಿಳಿ ಕಾರು. ಆರ್‌ಸಿಯಲ್ಲಿ ಈಗಲೂ ಬಿಳಿ ಎಂದೇ ಇದೆ.

ಮೊದಲೆರಡು ವರ್ಷ ಲಿವರ್ ಎಳೆದರೆ ಐದು ಸಲ ಕಟಕ್ ಎನ್ನುತ್ತಿತ್ತು. ಆಮೇಲೆ ಏಳಾಯಿತು, ಒಂಬತ್ತಾಯಿತು. ಸರ್ವಿಸ್ ಸೆಂಟರಿಗೆ ಹೋದರೆ ಲಿವರಿನ ಬುಡದಲ್ಲಿ, ಹಿಂದಿನ ಗಾಲಿಗೆ ಹೋಗುವ ಕೇಬಲ್ಲಿನ ನಟ್ಟು ಬಿಗಿದು ಮತ್ತೆ ಐದಕ್ಕೆ ತಂದು ಕೊಡುತ್ತಿದ್ದರು. ಎರಡು ತಿಂಗಳಿಗೆ ಮತ್ತೆ ಒಂಬತ್ತು. ಹೀಗೆ ಮೂರು ಸಲ. ಪ್ರತಿ ಬಿಲ್ಲಿನಲ್ಲೂ ‘ಬ್ರೇಕ್ ಸ್ವಚ್ಛಗೊಳಿಸಿದ್ದು’ ಎಂಬ ಸಾಲು, ಅದಕ್ಕೆ ಬೇರೆ ಹಣ.

ಒಂದು ಭಾನುವಾರ ಸಂಡೂರಿನಲ್ಲಿ ಮಾವನ ಮನೆಯ ಇಳಿಜಾರು ಓಣಿಯಲ್ಲಿ ನಿಲ್ಲಿಸಿ ಒಳಗೆ ಹೋದೆ. ಕಾಲು ತೊಳೆದುಕೊಳ್ಳುವಷ್ಟರಲ್ಲಿ ಕಾರು ತಾನೇ ಹಿಂದೆ ಸರಿದು ಎದುರು ಮನೆಯವರ ನೀಲಿ ನೀರಿನ ಡ್ರಮ್ಮಿಗೆ ಒರಗಿ ನಿಂತಿತ್ತು. ಹೋದದ್ದು ನೀರು ಮಾತ್ರ. ಅತ್ತೆ ಹೊರಗೆ ಬಂದು ನೋಡಿ, “ಅಳಿಯಂದಿರೇ, ಬಂಡಿ ನಿಲ್ಲಿಸಿದರೆ ಗಾಲಿಗೆ ಕಲ್ಲು ಇಡುವುದಿಲ್ಲವೇ?” ಎಂದು ಕೇಳಿದರು. ಹೊರಡುವಾಗ ಒಡೆದ ಬೀಸುಕಲ್ಲಿನ ಚೂರೊಂದನ್ನು ಡಿಕ್ಕಿಯಲ್ಲಿ ಇರಿಸಿಯೇ ಕಳಿಸಿದರು. ಅರ್ಧಚಂದ್ರದಂತಿರುವ ಆ ಕಲ್ಲು ಟೈರಿನ ಕೆಳಗೆ ಎಷ್ಟು ಹದವಾಗಿ ಕೂರುತ್ತದೆಂದರೆ, ಇಡೀ ಕಾರಿನಲ್ಲಿ ಇದುವರೆಗೆ ಒಮ್ಮೆಯೂ ಕೈಕೊಡದ ಭಾಗ ಅದೊಂದೇ.

ಅದೇ ದಿನಗಳಲ್ಲಿ ಕಾಲಿನ ಬ್ರೇಕ್ ಕೂಡ ಕೆಳಗಿಳಿಯತೊಡಗಿತ್ತು. ಮೊದಲ ಸಲ ಒತ್ತಿದರೆ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗಿ ಹಿಡಿಯುತ್ತಿತ್ತು. ತಕ್ಷಣ ಇನ್ನೊಮ್ಮೆ ಒತ್ತಿದರೆ ಮೇಲೆಯೇ ಗಟ್ಟಿಯಾಗಿ ಸಿಗುತ್ತಿತ್ತು. ಇವೆರಡೂ ಬೇರೆ ಬೇರೆ ಕಾಯಿಲೆ ಎಂದುಕೊಂಡಿದ್ದೆ. ಒಂದೇ ಎಂದು ತೋರಿಸಿಕೊಟ್ಟವರು ನಮ್ಮ ಓಣಿಯ ತುದಿಯ ಮೇಸ್ತ್ರಿ.

ಅವರು ಲಿವರನ್ನು ಮುಟ್ಟಲೇ ಇಲ್ಲ. ಹಿಂದಿನ ಗಾಲಿ ಬಿಚ್ಚಿ, “ಮಾಸ್ತರ್, ಇದನ್ನು ಯಾರೂ ತೆಗೆದೇ ಇಲ್ಲ” ಎಂದರು. ಅವರು ತೋರಿಸಿದ್ದು ಗಾಲಿಯ ಜೊತೆ ತಿರುಗುವ ಬ್ರೇಕ್ ಡ್ರಮ್ಮನ್ನು; ಅದರ ಅಂಚಿನ ತುಕ್ಕಿನ ಮೇಲೆ ಒಂದು ಗೀರೂ ಇರಲಿಲ್ಲ. ಡ್ರಮ್ಮಿನ ಮುಖದ ಎರಡು ತೂತುಗಳಿಗೆ ಬೋಲ್ಟ್ ಹಾಕಿ, ಒಮ್ಮೆ ಇದಕ್ಕೆ ಅರ್ಧ ಸುತ್ತು, ಒಮ್ಮೆ ಅದಕ್ಕೆ ಅರ್ಧ ಸುತ್ತು ಕೊಡುತ್ತಾ ಹೋದರು. ಡ್ರಮ್ ಕಿರ್ರೆಂದು ಹೊರಬಂದಾಗ ಒಳಗೆ ಕುಂಕುಮದ ಭರಣಿ ಬೋರಲು ಹಾಕಿದಂತಿತ್ತು. ಅವರು ಊದಲಿಲ್ಲ, ಗಾಳಿ ಹೊಡೆಯಲೂ ಇಲ್ಲ. ಬ್ರೇಕಿನ ದೂಳು ಎದೆಗೆ ಕೆಟ್ಟದ್ದು ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದರು.

ಡ್ರಮ್ಮಿಗೆ ಒಳಗಿನಿಂದ ಒತ್ತಿ ಗಾಲಿ ನಿಲ್ಲಿಸುವ ಶೂಗಳಲ್ಲಿ ಲೈನರ್, ಅಂದರೆ ಉಜ್ಜುವ ಪದರ, ಇನ್ನೂ ದಪ್ಪಗಿತ್ತು. ಹಿಡಿದುಕೊಂಡು ಕೂತಿದ್ದದ್ದು ಅಡ್ಜಸ್ಟರ್. ಲೈನರ್ ಸವೆದಂತೆ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತಳ್ಳುತ್ತಾ ಹೋಗುವುದು ಅದರ ಕೆಲಸ. ಅದು ನಿಂತರೆ ಶೂ ದೂರ ಉಳಿಯುತ್ತದೆ. ಆಗ ಕೇಬಲ್ಲನ್ನೂ ಹೆಚ್ಚು ಎಳೆಯಬೇಕು, ಪೆಡಲನ್ನೂ ಹೆಚ್ಚು ತುಳಿಯಬೇಕು. ಕೋಪ ಬಂದದ್ದು ಮುಂದಿನ ಮಾತಿಗೆ: ಕೇಬಲ್ಲನ್ನು ಅತಿಯಾಗಿ ಬಿಗಿದರೆ ಡ್ರಮ್ಮಿನೊಳಗಿನ ಹ್ಯಾಂಡ್ ಬ್ರೇಕಿನ ಕೊಕ್ಕೆ ತನ್ನ ಜಾಗಕ್ಕೆ ಹಿಂತಿರುಗುವುದಿಲ್ಲ, ಅಡ್ಜಸ್ಟರ್ ಮತ್ತೆ ಕೆಲಸ ಮಾಡುವ ದಾರಿಯೂ ಮುಚ್ಚುತ್ತದೆ. ಅಂದರೆ ಮೂರು ಸಲವೂ ನಾನು ದುಡ್ಡು ಕೊಟ್ಟು ರೋಗ ಬಲಿಸಿಕೊಂಡಿದ್ದೆ.

ಮೇಸ್ತ್ರಿ ಮೊದಲು ಕೇಬಲ್ಲನ್ನು ಪೂರ್ತಿ ಸಡಿಲಿಸಿದರು. ಅಡ್ಜಸ್ಟರ್ ಬಿಡಿಸಿ, ಡ್ರಮ್ ತಿರುಗಿಸಿದರೆ ಶೂ ಸ್ವಲ್ಪವೇ ಸವರುವಂತೆ ಹೊಂದಿಸಿದರು. ನನ್ನಿಂದ ಪೆಡಲನ್ನು ಹತ್ತಾರು ಸಲ ತುಳಿಸಿ, ಕೇಬಲ್ಲಿಗೆ ಕೈ ಹಾಕಿದ್ದು ಕೊನೆಗೆ. ಎರಡೂ ಗಾಲಿಗೆ ಸೇರಿ 800 ರೂಪಾಯಿ. ಪೆಡಲ್ ಮೇಲೆ ಬಂತು, ಲಿವರ್ ಐದಕ್ಕೆ ನಿಂತಿತು.

ಚಹಾ ಕುಡಿಯುತ್ತಾ ಅವರು ಹೇಳಿದ್ದರಲ್ಲಿ ನೆನಪಿರುವುದು ಇಷ್ಟು. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ಮೆಲ್ಲಗೆ ತಾನೇ ಕೆಳಗಿಳಿದರೆ, ಆ ಆಯಿಲನ್ನು ಗಾಲಿಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಆ ಕಾರನ್ನು ಓಡಿಸಬಾರದು, ಎಳೆಸಿಕೊಂಡು ಬರಬೇಕು. ಕಲ್ಲಿನಂತೆ ಗಟ್ಟಿಯಿದ್ದರೆ ಅನುಮಾನ ಕಾಲಿನ ಬಲಕ್ಕೆ ಬಲ ಸೇರಿಸುವ ಬೂಸ್ಟರ್ ಮೇಲೆ. ಅದನ್ನು ನೋಡುವ ಬಗೆ ಸುಲಭ: ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ, ಗಟ್ಟಿಯಾದ ಮೇಲೆ ಒತ್ತಿ ಹಿಡಿದೇ ಎಂಜಿನ್ ಶುರು ಮಾಡಿ. ಕಾಲ ಕೆಳಗೆ ಪೆಡಲ್ ಸ್ವಲ್ಪ ಇಳಿದರೆ ಬೂಸ್ಟರ್ ಸರಿಯಾಗಿದೆ.

ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪದ ವಿಷಯದಲ್ಲಿ ನಾನೂ ಮೋಸಹೋಗಿದ್ದೇನೆ. ಲಿವರ್ ಇಳಿಸಿದರೂ ದೀಪ ಆರದಿದ್ದಾಗ ಸ್ವಿಚ್ ಕೆಟ್ಟಿದೆಯೆಂದು ಒಂದು ವಾರ ಹಾಗೇ ಓಡಿಸಿದೆ. ಬ್ರೇಕ್ ಆಯಿಲ್ ಕಡಿಮೆಯಾದರೂ ಬೆಳಗುವುದು ಅದೇ ದೀಪ. ಮುಂದಿನ ಪ್ಯಾಡ್‌ಗಳು ಸವೆದು ತೆಳ್ಳಗಾದ್ದರಿಂದ ಡಬ್ಬಿಯಲ್ಲಿ ಮಟ್ಟ ಇಳಿದಿತ್ತು. ಆ ಆಯಿಲ್ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ, ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್ಸಿನವರೆಗೂ ಕುದಿಯಬಾರದು; ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸಂಡೂರಿನ ಇಳಿಜಾರಿನಲ್ಲಿ ಬ್ರೇಕ್ ತುಳಿದೇ ಇಳಿಯುವವರು ಇದನ್ನು ತಿಳಿದಿರಲಿ. ನಾನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಎರಡನೇ ಗೇರಿನಲ್ಲಿ ಇಳಿಯುತ್ತೇನೆ.

ಇಷ್ಟಾದ ಮೇಲೆ ಕಾರಿನ ಮೇಲಿನ ಸಿಟ್ಟು ಇಳಿದಿದೆ. ತಪ್ಪು ನನ್ನದೂ ಇತ್ತು. ಲಿವರ್ ಪೂರ್ತಿ ಇಳಿಸದೆ ಓಡಿಸಿದ್ದೆಷ್ಟೋ ಸಲ. ತೊಳೆದ ಕಾರಿಗೆ ರಾತ್ರಿಯಿಡೀ ಹ್ಯಾಂಡ್ ಬ್ರೇಕ್ ಹಾಕಿಟ್ಟು, ಬೆಳಿಗ್ಗೆ ಡ್ರಮ್ಮಿಗೆ ಅಂಟಿದ ಶೂಗಳನ್ನು ಟಪ್ಪೆಂದು ಕಿತ್ತು ಹೊರಟದ್ದೂ ಇದೆ. ಈಗ ಸಮತಟ್ಟಾದ ಅಂಗಳದಲ್ಲಿ ಗೇರ್ ಹಾಕಿ, ಬೀಸುಕಲ್ಲಿನ ಚೂರು ಇಟ್ಟು ಮಲಗುತ್ತೇನೆ. ಇಳಿಜಾರಿನಲ್ಲಿ ಮೊದಲು ಕಾಲಿನ ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಆಮೇಲೆ ಗೇರ್. ಮೂತಿ ಮೇಲಿದ್ದರೆ ಫಸ್ಟ್, ಕೆಳಗಿದ್ದರೆ ರಿವರ್ಸ್. ಮಗಳು ಗುಂಡಿ ಒತ್ತಿದರೆ ಹ್ಯಾಂಡ್ ಬ್ರೇಕ್ ಬೀಳುವ ಹೊಸ ಕಾರು ಕೇಳುತ್ತಿದ್ದಾಳೆ. ಅದರಲ್ಲಿ ಎಣಿಸಲು ಏನಿರುತ್ತದೆ?

ಕಾರಿಗೆ ಐದರಲ್ಲಿ ನಾಲ್ಕು ನಕ್ಷತ್ರ, ಸರ್ವಿಸ್ ಸೆಂಟರಿಗೆ ಒಂದು. ನಿನ್ನೆ ಶಾಲೆಯ ಗೇಟಿನ ಬಳಿ ಎಳೆದಾಗ ಆರು ಕೇಳಿಸಿತು. ಮೇಸ್ತ್ರಿ ಶುಕ್ರವಾರ ಅಂಗಡಿ ತೆರೆಯುವುದಿಲ್ಲ; ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋಗಬೇಕು.