ವರ್ಡೋಕುವೋ, ಕೋಡ್‌ವರ್ಡೋ?

ಸುಡೋಕು ಬಿಡಿಸುವ ಅಪ್ಪನಿಗೆ ವರ್ಡೋಕು, ಕೋಡ್‌ವರ್ಡ್ ಎರಡರಲ್ಲಿ ಯಾವ ಪುಸ್ತಕ ಕೊಡಿಸಲಿ ಎಂದು ಕೇಳಿದ್ದೀರಿ. ವರ್ಡೋಕುವಿನಲ್ಲಿ ನಿಯಮ ಸುಡೋಕುವಿನದ್ದೇ: 81 ಮನೆ, ಅಂಕಿಗಳ ಬದಲು ಒಂಬತ್ತು ಬೇರೆ ಬೇರೆ ಅಕ್ಷರ. ಎಷ್ಟೋ ಸಲ ಒಂದು ಸಾಲಿನಲ್ಲೋ ಕರ್ಣದಲ್ಲೋ ಪದವೊಂದು ಅಡಗಿರುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದವರೂ ಬಿಡಿಸಬಹುದು.

ಕೋಡ್‌ವರ್ಡ್ ಪದಬಂಧದ ಜಾತಿ. ಸುಳಿವಿನ ವಾಕ್ಯಗಳಿಲ್ಲ, ಮನೆಗಳಲ್ಲಿ ಅಂಕಿಗಳಷ್ಟೇ: 1ರಿಂದ 26ರ ತನಕ ಒಂದೊಂದು ಅಂಕಿಗೆ ಒಂದೊಂದು ಇಂಗ್ಲಿಷ್ ಅಕ್ಷರ, ಎರಡು ಮೂರನ್ನಷ್ಟೇ ಬಿಟ್ಟುಕೊಟ್ಟಿರುತ್ತಾರೆ. ಪದೇ ಪದೇ ಬರುವ ಅಂಕಿ ‘ಇ’ ಇರಬಹುದೇ? ಒಂದು ಅಂಕಿಯ ಬೆನ್ನಿಗೆ ಸದಾ ಇನ್ನೊಂದೇ ಬಂದರೆ ಅದು ‘ಕ್ಯೂ’, ಇದು ‘ಯು’ ಇರಬಹುದೇ? ಈ ಪತ್ತೇದಾರಿಕೆ ನನಗೆ ಬಲು ಇಷ್ಟ. ಆದರೆ ಪದಸಂಪತ್ತಿಲ್ಲದೆ ಮುಂದೆ ಸಾಗದು.

ಪುಸ್ತಕ ಬಿಟ್ಟರೆ ಖರ್ಚು ಎರಡಕ್ಕೂ ಪೆನ್ಸಿಲ್, ರಬ್ಬರ್ ಅಷ್ಟೇ. ಅಪ್ಪನಿಗೆ ತರ್ಕವೇ ಇಷ್ಟವಾದರೆ ವರ್ಡೋಕು ಕೊಡಿಸಿ. ಇಂಗ್ಲಿಷ್ ಪದಬಂಧದ ರೂಢಿಯಿದ್ದರೆ ಕೋಡ್‌ವರ್ಡ್.